ನಂಬಿಕೆಗೆ ರಕ್ಷಣೆ ಇದೆ, ಬೆಟ್ಟಕ್ಕಿಲ್ಲ: ಹೋಪಿಗಳ ಪವಿತ್ರ ನೆಲ ಅಮೆರಿಕದ ಕೋರ್ಟುಗಳಲ್ಲಿ ಸೋಲುವುದೇಕೆ?

2025ರ ಮೇ 27ರ ತಾರೀಕು ಹೊತ್ತ ಎರಡು ಕಾಗದಗಳು ಅಮೆರಿಕದ ಮೂಲನಿವಾಸಿಗಳನ್ನು ಒಟ್ಟಿಗೇ ಕಂಗೆಡಿಸಿವೆ. ಒಂದು ಸುಪ್ರೀಂ ಕೋರ್ಟಿನದು. ಅರಿಜೋನಾ ರಾಜ್ಯದ ಓಕ್ ಫ್ಲ್ಯಾಟ್ ಎಂಬ ಪವಿತ್ರ ಸ್ಥಳವನ್ನು ತಾಮ್ರದ ಗಣಿಗೆ ಬಿಟ್ಟುಕೊಡುವುದರ ವಿರುದ್ಧ ಅಪಾಚೆಗಳು ಹಾಕಿದ್ದ ಮೇಲ್ಮನವಿಯನ್ನು ಕೋರ್ಟು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಇನ್ನೊಂದು ನ್ಯಾಯ ಇಲಾಖೆಯದು, ಹೊರಗೆ ಬಂದದ್ದು ಜೂನ್‌ನಲ್ಲಿ. ಹಿಂದಿನ ಅಧ್ಯಕ್ಷರು ಘೋಷಿಸಿದ ‘ರಾಷ್ಟ್ರೀಯ ಸ್ಮಾರಕ’ವನ್ನು ಈಗಿನ ಅಧ್ಯಕ್ಷರು ಪೂರ್ತಿಯಾಗಿ ರದ್ದು ಮಾಡಬಹುದು ಎಂಬ ಕಾನೂನು ಅಭಿಪ್ರಾಯ ಅದು. ಸ್ಮಾರಕ ಎಂದರೆ ಇಲ್ಲಿ ಗುಮ್ಮಟವೂ ಅಲ್ಲ, ಪ್ರತಿಮೆಯೂ ಅಲ್ಲ; ಕೆಲವೊಮ್ಮೆ ಹತ್ತು ಲಕ್ಷ ಎಕರೆ ದಾಟುವ ಸಂರಕ್ಷಿತ ಸರ್ಕಾರಿ ಭೂಮಿ.

ಒಂದು ಧರ್ಮದ ಸುದ್ದಿ, ಇನ್ನೊಂದು ಭೂಮಿಯ ಸುದ್ದಿ. ಎರಡಕ್ಕೂ ಏನು ಸಂಬಂಧ ಎಂದು ಓದುಗರು ಕೇಳುವುದು ಸಹಜ. ಗೊಂದಲ ಹೆಚ್ಚಿಸುವ ಇನ್ನೊಂದು ಸಂಗತಿಯೂ ಇದೆ. ಇದೇ ಸುಪ್ರೀಂ ಕೋರ್ಟು 2014ರಲ್ಲಿ, ಗರ್ಭನಿರೋಧಕಗಳಿಗೆ ವಿಮೆ ಕೊಡಿಸುವುದು ತಮ್ಮ ಕ್ರೈಸ್ತ ನಂಬಿಕೆಗೆ ವಿರುದ್ಧ ಎಂದ ಹಾಬಿ ಲಾಬಿ ಎಂಬ ಅಂಗಡಿ ಸರಣಿಯ ಮಾಲೀಕರಿಗೆ ಗೆಲುವು ಕೊಟ್ಟಿತ್ತು. ಆ ಗೆಲುವಿಗೆ ಆಧಾರವಾದದ್ದು 1993ರ ಧಾರ್ಮಿಕ ಸ್ವಾತಂತ್ರ್ಯ ಪುನಃಸ್ಥಾಪನೆ ಕಾಯ್ದೆ. ಹಾಬಿ ಲಾಬಿಯ ಗೆಲುವಿಗೂ ಆರು ವರ್ಷ ಮೊದಲು, 2008ರಲ್ಲಿ, ಅದೇ ಕಾಯ್ದೆಯನ್ನು ಹಿಡಿದು ಕೋರ್ಟಿಗೆ ಹೋದ ಹೋಪಿಗಳು ಸೋತಿದ್ದರು. ಅಂಗಡಿಯ ಮಾಲೀಕರಿಗೆ ಸಿಕ್ಕ ರಕ್ಷಣೆ ಸಾವಿರ ವರ್ಷದ ಪರಂಪರೆಗೆ ಏಕೆ ಸಿಗಲಿಲ್ಲ? ಹೋಪಿಗಳ ಕಥೆಯನ್ನು ಹಿಡಿದು ಹೋದರೆ ಎರಡು ಕಾಗದಗಳ ನಂಟೂ ಬಿಡಿಸಿಕೊಳ್ಳುತ್ತದೆ.

ಹೋಪಿಗಳು ಯಾರು?

ಅರಿಜೋನಾದ ಈಶಾನ್ಯ ಮೂಲೆಯ ಒಣ ಪ್ರಸ್ಥಭೂಮಿಯಲ್ಲಿ, ಮೆಸಾ ಎಂದು ಕರೆಯುವ ಮೂರು ಚಪ್ಪಟೆ ನೆತ್ತಿಯ ಬೆಟ್ಟಗಳ ಮೇಲೆ ಮತ್ತು ಬುಡದಲ್ಲಿ, ಹೋಪಿಗಳ ಹನ್ನೆರಡು ಊರುಗಳಿವೆ. ಅವುಗಳಲ್ಲೊಂದಾದ ಓರೈಬಿಯಲ್ಲಿ ಹನ್ನೆರಡನೇ ಶತಮಾನದಿಂದಾದರೂ ಜನ ವಾಸ ಬಿಟ್ಟಿಲ್ಲ. ಇಡೀ ಅಮೆರಿಕದಲ್ಲಿ ಅಷ್ಟು ಹಳೆಯ ಜೀವಂತ ಊರುಗಳು ಬೆರಳೆಣಿಕೆಯಷ್ಟು. 1882ರಲ್ಲಿ ಅಧ್ಯಕ್ಷ ಚೆಸ್ಟರ್ ಆರ್ಥರ್ ಒಂದು ಆದೇಶ ಹೊರಡಿಸಿ ಸುಮಾರು 25 ಲಕ್ಷ ಎಕರೆಯ ಚೌಕವೊಂದನ್ನು ಹೋಪಿಗಳಿಗೆ ಗುರುತಿಸಿದರು. ‘ಹೋಪಿಗಳಿಗೆ ಮತ್ತು ಸರ್ಕಾರ ನೆಲೆಗೊಳಿಸಬಯಸುವ ಇತರ ಇಂಡಿಯನ್ನರಿಗೆ’ ಎಂಬ ಒಕ್ಕಣೆ ಅದರಲ್ಲಿತ್ತು. ಸುತ್ತಲಿನ ನಾವಹೊ ಜನಾಂಗದೊಡನೆ ಒಂದು ಶತಮಾನ ನಡೆದ ವ್ಯಾಜ್ಯಕ್ಕೆ ಬೀಜ ಬಿದ್ದದ್ದು ಅಲ್ಲೇ. 1974ರ ಕಾಯ್ದೆ ಜಂಟಿ ಭೂಮಿಯನ್ನು ಪಾಲು ಮಾಡಿತು, ಹತ್ತು ಸಾವಿರಕ್ಕೂ ಹೆಚ್ಚು ನಾವಹೊಗಳು ಮನೆಮಠ ಬಿಡಬೇಕಾಯಿತು. ಈಗ ಹೋಪಿಗಳ ಕೈಯಲ್ಲಿರುವುದು ಸುಮಾರು 15 ಲಕ್ಷ ಎಕರೆ, ಅದೂ ನಾಲ್ಕೂ ಕಡೆ ನಾವಹೊ ಪ್ರದೇಶದ ನಡುವೆ.

ಸರ್ಕಾರದೊಡನೆ ಜಗಳವೂ ಹಳೆಯದೇ. ಮಕ್ಕಳನ್ನು ಸರ್ಕಾರಿ ಶಾಲೆಗೆ ಒಪ್ಪಿಸಲು, ಹೊಲಗಳನ್ನು ತಲೆಗಿಷ್ಟು ಎಂದು ಹಂಚಿಕೊಳ್ಳಲು ನಿರಾಕರಿಸಿದ ಹತ್ತೊಂಬತ್ತು ಹೋಪಿ ಗಂಡಸರನ್ನು 1895ರ ಜನವರಿಯಿಂದ ಆಗಸ್ಟ್‌ವರೆಗೆ ಆಲ್ಕಟ್ರಾಜ್ ದ್ವೀಪದಲ್ಲಿ ಸೆರೆಯಿಟ್ಟಿದ್ದರು.

ಬೆಟ್ಟ ಎಲ್ಲಿ, ಊರು ಎಲ್ಲಿ

ಹೋಪಿಗಳ ಬೇಸಾಯ ನೋಡಿದರೆ ಅವರ ಧರ್ಮದ ಅರ್ಧ ತಿಳಿದಂತೆ. ವರ್ಷಕ್ಕೆ ಎಂಟು ಹತ್ತು ಇಂಚು ಮಳೆ ಬೀಳುವ ಜಾಗದಲ್ಲಿ, ಕಾಲುವೆ ಬಾವಿ ಯಾವುದೂ ಇಲ್ಲದೆ, ಗೋವಿನಜೋಳ ಬೆಳೆಯುತ್ತಾರೆ. ಉಳುಮೆ ಇಲ್ಲ. ಚೂಪು ಮಾಡಿದ ಕೋಲಿನಿಂದ ಮರಳು ನೆಲವನ್ನು ಒಂದು ಅಡಿಯವರೆಗೂ ತೋಡಿ, ಚಳಿಗಾಲದ ಹಿಮ ಕರಗಿ ಉಳಿಸಿದ ಪಸೆ ಕೈಗೆ ತಗಲುವ ಆಳದಲ್ಲಿ ಹತ್ತಾರು ಕಾಳು ಒಟ್ಟಿಗೆ ಹಾಕಿ ಮುಚ್ಚುತ್ತಾರೆ. ಗುಣಿಯಿಂದ ಗುಣಿಗೆ ಹಲವು ಹೆಜ್ಜೆ ಅಂತರ. ಗುಂಪಾಗಿ ಏಳುವ ಮೋಟು ಗಿಡಗಳು ಬಿರುಗಾಳಿಗೆ ಒಂದಕ್ಕೊಂದು ಮರೆಯಾಗುತ್ತವೆ. ಹಿಮ ಬೀಳದಿದ್ದರೆ ಬಿತ್ತನೆಯೇ ಇಲ್ಲ.

ಆ ಹಿಮ, ಆ ಮಳೆ ತರುವವರು ಕತ್ಸಿನರು. ಅವರು ಪೂರ್ವಜರ ಚೇತನಗಳು, ಮೋಡಗಳಾಗಿ ಬರುವವರು. ಚಳಿಗಾಲದ ನಡುವಿನಿಂದ ಜುಲೈವರೆಗೆ ಊರುಗಳಲ್ಲಿದ್ದು, ಬೀಳ್ಕೊಡುವ ನಿಮಾನ್ ಹಬ್ಬದ ದಿನ ಮಕ್ಕಳ ಕೈಗೆ ಹೊಸ ಬೆಳೆಯ ಹಸಿ ಜೋಳದ ದಂಟು ಕೊಟ್ಟು ತಮ್ಮ ನೆಲೆಗೆ ಮರಳುತ್ತಾರೆ. ಆ ನೆಲೆ ಸ್ಯಾನ್ ಫ್ರಾನ್ಸಿಸ್ಕೊ ಶಿಖರಗಳು, ಹೋಪಿಗಳ ಬಾಯಲ್ಲಿ ನುವಾತುಕ್ಯಾಓವಿ. 12,633 ಅಡಿ ಎತ್ತರದ ಹಂಫ್ರೀಸ್ ಶಿಖರ ಅಲ್ಲಿದೆ. ಹೋಪಿ ಊರುಗಳಿಂದ ನೈಋತ್ಯಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ದಿಗಂತದಲ್ಲಿ ಅದು ಕಾಣುತ್ತದೆ.

ಭೂಮಿಯ ಒಡೆಯನಾದ ಮಾಸಾವ್‌ನೊಡನೆ ತಮ್ಮ ಹಿರಿಯರು ಒಪ್ಪಂದ ಮಾಡಿಕೊಂಡರು ಎಂಬುದು ಹೋಪಿ ಪರಂಪರೆಯ ತಳಹದಿ. ನೆಲದ ಮೇಲ್ವಿಚಾರಣೆ ಹೋಪಿಗಳದ್ದು. ಕುಲಗಳು ವಲಸೆ ಹೋಗಿ ಹೋದಲ್ಲೆಲ್ಲ ಹೆಜ್ಜೆಗುರುತು ಬಿಡಬೇಕು. ಕೊನೆಗೆ ಮೆಸಾಗಳಲ್ಲಿ ಒಂದಾಗಬೇಕು. ಹಾಳುಬಿದ್ದ ಮನೆಗಳು, ಮಡಕೆ ಚೂರುಗಳು, ಬಂಡೆಗೀರುಗಳು, ಗೋರಿಗಳು ಆ ಹೆಜ್ಜೆಗುರುತುಗಳು. ಮನುಷ್ಯರು ಈ ಲೋಕಕ್ಕೆ ಹೊರಬಂದ ಸಿಪಾಪುನಿ ಇರುವುದು ಗ್ರ್ಯಾಂಡ್ ಕ್ಯಾನಿಯನ್ನಿಗೆ ಸೇರುವ ಲಿಟಲ್ ಕೊಲರಾಡೊ ನದಿಯ ಕಮರಿಯಲ್ಲಿ. ಇವುಗಳಲ್ಲಿ ಬಹುಪಾಲು 15 ಲಕ್ಷ ಎಕರೆಯ ಆಚೆ ಇವೆ. ಊರು ಹೋಪಿಗಳದ್ದು, ಶಿಖರ ಅರಣ್ಯ ಇಲಾಖೆಯದ್ದು. ಮುಂದಿನ ಎಲ್ಲ ತಕರಾರಿನ ಮೂಲ ಈ ಒಂದು ಸಂಗತಿಯಲ್ಲಿದೆ.

ಕೊಳಚೆ ನೀರಿನ ಹಿಮ

ಶಿಖರಗಳ ಪಶ್ಚಿಮ ಇಳಿಜಾರಿನಲ್ಲಿ 1938ರಿಂದಲೂ ಹಿಮಜಾರಾಟ ನಡೆಯುತ್ತಿದೆ. ಸ್ನೋಬೌಲ್ ಎಂಬ ಆ ರಿಸಾರ್ಟಿಗೆ 777 ಎಕರೆ ಅರಣ್ಯಭೂಮಿಯ ಪರವಾನಗಿ ಇದೆ. ಅದರ ವಿಸ್ತರಣೆಗೆ 1979ರಲ್ಲಿ ಇಲಾಖೆ ಅನುಮತಿ ಕೊಟ್ಟಾಗ ಹೋಪಿ, ನಾವಹೊ ಇಬ್ಬರೂ ಕೋರ್ಟಿಗೆ ಹೋದರು, 1983ರಲ್ಲಿ ಸೋತರು. ಎರಡನೆಯ ಸುತ್ತು ಶುರುವಾದದ್ದು ಹಿಮ ಕಡಿಮೆಯಾದಾಗ. ಒಣ ವರ್ಷಗಳಲ್ಲಿ ವ್ಯಾಪಾರ ನೆಲಕಚ್ಚುತ್ತದೆ ಎಂದು ರಿಸಾರ್ಟ್ ಕೃತಕ ಹಿಮಕ್ಕೆ ಅನುಮತಿ ಕೇಳಿತು. ನೀರು ಬೇಕಲ್ಲ? ಫ್ಲ್ಯಾಗ್‌ಸ್ಟಾಫ್ ನಗರದ ಸಂಸ್ಕರಿಸಿದ ಚರಂಡಿ ನೀರು, ದಿನಕ್ಕೆ 15 ಲಕ್ಷ ಗ್ಯಾಲನ್‌ವರೆಗೆ. 2005ರಲ್ಲಿ ಅರಣ್ಯ ಇಲಾಖೆ ಒಪ್ಪಿತು.

ಹೋಪಿಗಳ ಆಕ್ಷೇಪ ಬರೀ ಮೈಲಿಗೆಯದಾಗಿರಲಿಲ್ಲ. ಹಿಮ ತರುವುದು ಕತ್ಸಿನರ ಕೆಲಸ. ಅವರ ಮನೆಯಲ್ಲೇ ಮನುಷ್ಯರು ಯಂತ್ರ ಇಟ್ಟು ಹಿಮ ಉದುರಿಸಿದರೆ ಇಡೀ ನಂಬಿಕೆಯ ಕಟ್ಟು ಸಡಿಲವಾಗುತ್ತದೆ ಎಂಬುದು ಅವರ ವಾದ. ಆಸ್ಪತ್ರೆ, ಶವಾಗಾರಗಳಿಂದ ಹರಿದ ನೀರೂ ಅದರಲ್ಲಿ ಬೆರೆತಿರುತ್ತದೆ ಎಂಬ ಕಳವಳ ನಾವಹೊಗಳಲ್ಲಿ ಹೆಚ್ಚಾಗಿತ್ತು. 2007ರಲ್ಲಿ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟಿನ ಮೂವರ ಪೀಠ ಬುಡಕಟ್ಟುಗಳ ಪರ ತೀರ್ಪು ಕೊಟ್ಟಿತು. 2008ರಲ್ಲಿ ಅದೇ ಕೋರ್ಟಿನ ವಿಸ್ತೃತ ಪೀಠ 8–3 ಬಹುಮತದಿಂದ ಅದನ್ನು ತಿರುವಿಹಾಕಿತು. ಗಿಡ ಮರ ನಾಶವಾಗಿಲ್ಲ, ಬೆಟ್ಟಕ್ಕೆ ಹೋಗಲು ಯಾರೂ ತಡೆದಿಲ್ಲ, ಪೂಜೆಗೆ ಅಡ್ಡಿಯಿಲ್ಲ. ಆಗಿರುವುದು ಭಕ್ತರ ಒಳಗಿನ ಆಧ್ಯಾತ್ಮಿಕ ಅನುಭವಕ್ಕೆ ಮಾತ್ರ ಎಂಬುದು ತೀರ್ಪಿನ ಸಾರ. ಮರುವರ್ಷ ಸುಪ್ರೀಂ ಕೋರ್ಟು ಮೇಲ್ಮನವಿ ಕೈಬಿಟ್ಟಿತು. 2012–13ರ ಚಳಿಗಾಲದಲ್ಲಿ ಯಂತ್ರಗಳು ಓಡತೊಡಗಿದವು.

ಧರ್ಮದ ಬಾಗಿಲು ಮುಚ್ಚಿದ ಮೇಲೆ ಹೋಪಿಗಳು ಇನ್ನೊಂದು ಬಾಗಿಲು ತಟ್ಟಿದರು: ಇದು ಸಾರ್ವಜನಿಕ ಉಪದ್ರವ, ನಮಗೆ ವಿಶೇಷ ಹಾನಿಯಾಗಿದೆ. ರಾಜ್ಯದ ಮೇಲ್ಮನವಿ ಕೋರ್ಟು 2018ರ ಫೆಬ್ರುವರಿಯಲ್ಲಿ ಒಪ್ಪಿತು, ನವೆಂಬರಿನಲ್ಲಿ ಅರಿಜೋನಾ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಧಾರ್ಮಿಕ ನೋವನ್ನು ‘ವಿಶೇಷ ಹಾನಿ’ ಎಂದು ಎಣಿಸಲಾಗದು, ಅದೂ ಆ ಭೂಮಿ ನಿಮ್ಮದಲ್ಲದಿರುವಾಗ.

ಸೋಲಿನ ಸೂತ್ರ

ಇಷ್ಟು ಸೋಲುಗಳ ಹಿಂದೆ 1988ರ ಲಿಂಗ್ ಪ್ರಕರಣ ಇದೆ. ಕ್ಯಾಲಿಫೋರ್ನಿಯಾದ ಕಾಡೊಂದರಲ್ಲಿ, ಮೂರು ಬುಡಕಟ್ಟುಗಳ ಪವಿತ್ರ ಎತ್ತರದ ಮೂಲಕ ಅರಣ್ಯ ಇಲಾಖೆ ರಸ್ತೆ ಹಾಕಹೊರಟಿತ್ತು. ಆ ರಸ್ತೆ ಅವರ ಧರ್ಮಾಚರಣೆಯನ್ನೇ ಹಾಳುಮಾಡಿದರೂ ಸಂವಿಧಾನ ತಡೆಯುವುದಿಲ್ಲ, ಏಕೆಂದರೆ ಅದು ಸರ್ಕಾರದ ನೆಲ ಎಂದು ಸುಪ್ರೀಂ ಕೋರ್ಟು ಹೇಳಿತು. ತಮಾಷೆಯೆಂದರೆ ಆ ರಸ್ತೆ ಕೊನೆಗೂ ಪೂರ್ತಿಯಾಗಲಿಲ್ಲ, 1990ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸೇ ಆ ಪ್ರದೇಶವನ್ನು ರಕ್ಷಿಸಿತು. ರಸ್ತೆ ನಿಂತಿತು, ತೀರ್ಪು ಉಳಿಯಿತು.

1993ರ ಕಾಯ್ದೆ ಧರ್ಮಾಚರಣೆಯ ಮೇಲೆ ಸರ್ಕಾರ ‘ಗಣನೀಯ ಹೊರೆ’ ಹೊರಿಸಬಾರದು ಎನ್ನುತ್ತದೆ. ಹೊರೆ ಎಂದರೇನು ಎಂಬುದಕ್ಕೆ ಕೋರ್ಟುಗಳು ಹಿಡಿದ ಅಳತೆ ಎರಡೇ: ನಂಬಿಕೆಯಂತೆ ನಡೆದರೆ ದಂಡವೋ ಶಿಕ್ಷೆಯೋ ಬೀಳಬೇಕು, ಇಲ್ಲವೇ ಸರ್ಕಾರಿ ಸವಲತ್ತು ಕೈತಪ್ಪಬೇಕು. ಹಾಬಿ ಲಾಬಿಗೆ ಭಾರಿ ದಂಡದ ಬೆದರಿಕೆ ಇತ್ತು, ಆದ್ದರಿಂದ ಹೊರೆ ಸಾಬೀತು. ಹೋಪಿಗಳಿಗೆ ಯಾರೂ ದಂಡ ಹಾಕಿಲ್ಲ. ಅವರ ಬೆಟ್ಟಕ್ಕೆ ಏನಾಯಿತೋ ಅದು ಈ ಅಳತೆಯ ಯಾವ ಗೆರೆಗೂ ಸಿಗುವುದಿಲ್ಲ. ಧರ್ಮ ಎಂದರೆ ವ್ಯಕ್ತಿಯ ಮನಸ್ಸಿನೊಳಗಿನ ನಿಷ್ಠೆ, ಅದನ್ನು ಎಲ್ಲಿ ಬೇಕಾದರೂ ಹೊತ್ತೊಯ್ಯಬಹುದು ಎಂಬ ತಿಳಿವಳಿಕೆಯ ಮೇಲೆ ಈ ಕಾನೂನು ನಿಂತಿದೆ. ಸ್ಥಳದಲ್ಲೇ ನೆಲೆಸಿದ ಧರ್ಮಕ್ಕೆ ಅದರಲ್ಲಿ ಖಾನೆಯೇ ಇಲ್ಲ.

ಓಕ್ ಫ್ಲ್ಯಾಟ್‌ನಲ್ಲಿ ಈ ಸೂತ್ರ ತುದಿ ಮುಟ್ಟಿತು. ರಿಯೊ ಟಿಂಟೊ ಮತ್ತು ಬಿಎಚ್‌ಪಿ ಕಂಪನಿಗಳ ಜಂಟಿ ಗಣಿ ಅಲ್ಲಿ ಮೂರು ಕಿಲೋಮೀಟರಿನಷ್ಟು ಅಗಲದ ಕುಳಿ ಬೀಳಿಸುತ್ತದೆ ಎಂದು ಸರ್ಕಾರವೇ ಅಂದಾಜು ಮಾಡಿದೆ. ಸ್ನೋಬೌಲ್‌ನಲ್ಲಿ ‘ಏನೂ ನಾಶವಾಗಿಲ್ಲ’ ಎನ್ನಬಹುದಿತ್ತು, ಇಲ್ಲಿ ಜಾಗವೇ ಇಲ್ಲವಾಗುತ್ತದೆ. ಆದರೂ 2024ರ ಮಾರ್ಚ್‌ನಲ್ಲಿ ಒಂಬತ್ತನೇ ಸರ್ಕ್ಯೂಟ್ 6–5ರಿಂದ ಲಿಂಗ್ ತೀರ್ಪನ್ನೇ ಅನ್ವಯಿಸಿತು. ಸುಪ್ರೀಂ ಕೋರ್ಟು ಮೇಲ್ಮನವಿ ನಿರಾಕರಿಸಿದಾಗ ನ್ಯಾಯಮೂರ್ತಿ ಗಾರ್ಸಚ್ ಭಿನ್ನಮತ ಬರೆದರು, ಥಾಮಸ್ ಜೊತೆಗೂಡಿದರು. ಇಷ್ಟು ಸಂಶಯಾಸ್ಪದ ತರ್ಕದ ಮೇಲೆ ಸರ್ಕಾರ ಐತಿಹಾಸಿಕ ಕೆಥೆಡ್ರಲ್ ಒಂದನ್ನು ಕೆಡವಹೊರಟಿದ್ದರೆ ಏನಾಗುತ್ತಿತ್ತು ಎಂಬ ಅವರ ಪ್ರಶ್ನೆ ಬಲಪಂಥೀಯರಲ್ಲೂ ಚರ್ಚೆಯಾಯಿತು.

ನ್ಯಾಯಾಧೀಶರ ಭಯ ಪೊಳ್ಳೇನಲ್ಲ

ಎದುರು ಪಕ್ಷದ ವಾದವನ್ನು ಸುಮ್ಮನೆ ತಳ್ಳಿಹಾಕಲಾಗದು. ಅಮೆರಿಕದ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ನೆಲ ಕೇಂದ್ರ ಸರ್ಕಾರದ್ದು, ಪಶ್ಚಿಮದ ರಾಜ್ಯಗಳಲ್ಲಿ ಇನ್ನೂ ಹೆಚ್ಚು. ಅಲ್ಲಿನ ಪ್ರತಿ ಬೆಟ್ಟ, ಪ್ರತಿ ಝರಿ ಒಂದಲ್ಲ ಒಂದು ಬುಡಕಟ್ಟಿಗೆ ಪವಿತ್ರ. ಸ್ಯಾನ್ ಫ್ರಾನ್ಸಿಸ್ಕೊ ಶಿಖರಗಳೇ ಹದಿಮೂರು ಬುಡಕಟ್ಟುಗಳಿಗೆ ಪೂಜ್ಯ. ನಂಬಿಕೆಗೆ ನೋವಾಯಿತು ಎಂದವರಿಗೆಲ್ಲ ತಡೆ ಹಾಕುವ ಅಧಿಕಾರ ಕೊಟ್ಟರೆ ರಸ್ತೆ, ಅಣೆಕಟ್ಟು, ಕಾಡುಬೆಂಕಿ ನಿರ್ವಹಣೆ ಯಾವುದೂ ನಡೆಯದು ಎಂಬುದು ನ್ಯಾಯಾಧೀಶರ ಚಿಂತೆ. ಹಾಗಾದರೆ ಯಾವ ಸ್ಥಳ ಧರ್ಮಕ್ಕೆ ಪ್ರಾಣ, ಯಾವುದು ಅಲ್ಲ ಎಂದು ಅಳೆಯಬಹುದಲ್ಲ? ಅದನ್ನು ಅಮೆರಿಕದ ಕೋರ್ಟುಗಳು ಮಾಡುವುದಿಲ್ಲ. ಇನ್ನೊಬ್ಬರ ಧರ್ಮದಲ್ಲಿ ಯಾವುದು ಮುಖ್ಯ ಎಂದು ಹೇಳಲು ನಾವು ಯಾರು ಎನ್ನುತ್ತವೆ.

ಭಾರತದ ಕೋರ್ಟುಗಳು ಈ ವಿಷಯದಲ್ಲಿ ಬೇರೆ ದಾರಿ ಹಿಡಿದಿವೆ. ಉಡುಪಿಯ ಶಿರೂರು ಮಠದ 1954ರ ಪ್ರಕರಣದಿಂದಲೂ ಯಾವ ಆಚರಣೆ ಧರ್ಮಕ್ಕೆ ಅತ್ಯಗತ್ಯ ಎಂದು ನಮ್ಮ ಸುಪ್ರೀಂ ಕೋರ್ಟು ಪರಿಶೀಲಿಸುತ್ತ ಬಂದಿದೆ. ಅದರಲ್ಲಿ ತನ್ನದೇ ತೊಡಕುಗಳಿವೆ, ಅದು ಬೇರೆ ಮಾತು. ಹೋಪಿಗಳಿಗೆ ಹೆಚ್ಚು ಹತ್ತಿರದ್ದು ಒಡಿಶಾದ ನಿಯಮಗಿರಿ. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಬೆಟ್ಟದಲ್ಲಿ ಬಾಕ್ಸೈಟ್ ಗಣಿಗಾರಿಕೆಯಿಂದ ಡೊಂಗ್ರಿಯ ಕೊಂಧರ ಧಾರ್ಮಿಕ ಹಕ್ಕಿಗೆ ಧಕ್ಕೆಯಾಗುತ್ತದೆಯೇ ಎಂದು ಗ್ರಾಮಸಭೆಗಳೇ ತೀರ್ಮಾನಿಸಲಿ ಎಂದಿತು. ಹನ್ನೆರಡು ಗ್ರಾಮಸಭೆಗಳೂ ಗಣಿ ಬೇಡವೆಂದವು. ಆ ತೀರ್ಪಿಗೆ ಬೆನ್ನೆಲುಬಾದದ್ದು 2006ರ ಅರಣ್ಯ ಹಕ್ಕು ಕಾಯ್ದೆ. ಮೀಸಲು ಪ್ರದೇಶದ ಹೊರಗಿನ ಪವಿತ್ರ ಸ್ಥಳಗಳ ಮೇಲೆ ಬುಡಕಟ್ಟಿನ ಒಪ್ಪಿಗೆ ಬೇಕೆನ್ನುವ ಅಂಥ ಕಾನೂನು ಅಮೆರಿಕದಲ್ಲಿಲ್ಲ. ಇರುವುದು ‘ಸಮಾಲೋಚನೆ’ ಮಾತ್ರ. ಮಾತು ಕೇಳಿಸಿಕೊಂಡರೆ ಸಾಕು, ಒಪ್ಪಬೇಕಿಲ್ಲ.

ಒಂದು ಸಹಿಯಿಂದ ಬಂದದ್ದು

ಕೋರ್ಟಿನ ದಾರಿ ಮುಚ್ಚಿದ್ದರಿಂದಲೇ ಬುಡಕಟ್ಟುಗಳು ಶ್ವೇತಭವನದ ಕಡೆ ತಿರುಗಿದವು. 1906ರ ಪ್ರಾಚ್ಯವಸ್ತು ಕಾಯ್ದೆಯಡಿ ಅಧ್ಯಕ್ಷರು ಕಾಂಗ್ರೆಸ್ಸನ್ನು ಕೇಳದೆಯೇ ಸರ್ಕಾರಿ ಭೂಮಿಯನ್ನು ರಾಷ್ಟ್ರೀಯ ಸ್ಮಾರಕ ಎಂದು ಘೋಷಿಸಬಹುದು. ಯೂಟಾ ರಾಜ್ಯದ ಬೇರ್ಸ್ ಇಯರ್ಸ್‌ಗಾಗಿ ಹೋಪಿ, ನಾವಹೊ, ಜೂನಿ ಮತ್ತು ಎರಡು ಯೂಟ್ ಬುಡಕಟ್ಟುಗಳು ಹಳೆಯ ಜಗಳ ಬದಿಗಿಟ್ಟು ಒಂದಾದವು. 2016ರಲ್ಲಿ ಒಬಾಮ 13.5 ಲಕ್ಷ ಎಕರೆ ಘೋಷಿಸಿದರು, ಮರುವರ್ಷ ಟ್ರಂಪ್ ಅದರಲ್ಲಿ ಶೇ 85ರಷ್ಟು ಕತ್ತರಿಸಿದರು, 2021ರಲ್ಲಿ ಬೈಡನ್ ಮರಳಿ ಜೋಡಿಸಿದರು.

ಹೋಪಿಗಳಿಗೆ ಇನ್ನೂ ಹತ್ತಿರದ್ದು 2023ರ ಆಗಸ್ಟ್ 8ರಂದು ಬೈಡನ್ ಘೋಷಿಸಿದ ಬಾಜ್ ನ್ವಾವ್ಯೊ ಇತಾ ಕುಕ್ವೇನಿ ಸ್ಮಾರಕ. ಹೆಸರಿನ ಮೊದಲರ್ಧ ಹಾವಸುಪಾಯ್ ಭಾಷೆಯದು, ಉಳಿದರ್ಧ ಹೋಪಿ ಭಾಷೆಯದು. ಗ್ರ್ಯಾಂಡ್ ಕ್ಯಾನಿಯನ್ನಿನ ಉತ್ತರಕ್ಕೂ ದಕ್ಷಿಣಕ್ಕೂ ಹರಡಿದ ಒಂಬತ್ತು ಲಕ್ಷಕ್ಕೂ ಹೆಚ್ಚು ಎಕರೆ ಅದರಲ್ಲಿದೆ. ಅಲ್ಲಿ ಹೊಸ ಯುರೇನಿಯಂ ಗಣಿಗಳಿಗೆ ಜಾಗವಿಲ್ಲ. ಹಳೆಯ ಹಕ್ಕುಗಳನ್ನು ಮಾತ್ರ ಮುಟ್ಟಿಲ್ಲ, ಆದ್ದರಿಂದ ಸ್ಮಾರಕದೊಳಗೇ ಇರುವ ಪಿನ್ಯನ್ ಪ್ಲೇನ್ ಗಣಿ ಅದಿರು ತೆಗೆಯುತ್ತಿದೆ.

ವಿರೋಧಿಗಳ ಲೆಕ್ಕ ಹೀಗಿದೆ. ಕಾಯ್ದೆ ‘ಅಗತ್ಯವಿರುವ ಅತ್ಯಂತ ಕಡಿಮೆ ಪ್ರದೇಶ’ ಎನ್ನುತ್ತದೆ, ಒಂಬತ್ತು ಲಕ್ಷ ಎಕರೆ ಕಡಿಮೆಯೇ ಎಂದು ಅರಿಜೋನಾ ಶಾಸಕಾಂಗದ ನಾಯಕರು 2024ರಲ್ಲಿ ದಾವೆ ಹೂಡಿದರು. ದಾವೆ ಹೂಡಲು ಬೇಕಾದ ಹಾನಿ ತೋರಿಸಿಲ್ಲ ಎಂದು 2025ರ ಜನವರಿಯಲ್ಲಿ ಅದು ವಜಾ ಆಯಿತು. ಅಣುವಿದ್ಯುತ್ತಿಗೆ ರಷ್ಯಾದ ಇಂಧನ ಬೇಡವೆಂದು 2024ರಲ್ಲಿ ಆಮದು ನಿಷೇಧಿಸಿದ ಮೇಲೆ ದೇಶದೊಳಗಿನ ಯುರೇನಿಯಂ ಮುಖ್ಯ ಎಂಬುದು ಗಣಿ ಕಂಪನಿಗಳ ವಾದ. ಆಧುನಿಕ ಗಣಿ ಚಿಕ್ಕದು, ಬಿಗಿ ನಿಗಾದಲ್ಲಿರುತ್ತದೆ ಎಂದೂ ಹೇಳುತ್ತವೆ. ಆದರೆ ಪಿನ್ಯನ್ ಪ್ಲೇನ್‌ನ ಬಾವಿ ತೋಡುವಾಗಲೇ 2016ರಲ್ಲಿ ಅಂತರ್ಜಲದ ಪದರಕ್ಕೆ ತಗಲಿ ಗಣಿಗೆ ನೀರು ನುಗ್ಗಿತ್ತು. ಆ ಪ್ರದೇಶದ ಆಳದ ನೀರನ್ನೇ ನಂಬಿ ಬದುಕುವ ಹಾವಸುಪಾಯ್‌ಗಳಿಗೆ ಈ ಭರವಸೆ ಸಾಲದು.

ಸ್ಮಾರಕ ರದ್ದು ಮಾಡುವ ಅಧಿಕಾರದ ಪ್ರಶ್ನೆ ಬರುವುದು ಇಲ್ಲಿ. 1906ರ ಕಾಯ್ದೆ ಘೋಷಿಸುವ ಅಧಿಕಾರ ಕೊಟ್ಟಿದೆ, ಹಿಂತೆಗೆಯುವ ಬಗ್ಗೆ ತುಟಿ ಬಿಚ್ಚಿಲ್ಲ. ರದ್ದು ಮಾಡುವಂತಿಲ್ಲ ಎಂದು 1938ರಲ್ಲಿ ಅಂದಿನ ಅಟಾರ್ನಿ ಜನರಲ್ ಹೇಳಿದ್ದ ಮಾತು ಎಂಟು ದಶಕ ನಡೆದುಬಂದಿತ್ತು. ಮೇ 27ರ ಅಭಿಪ್ರಾಯ ಕಿತ್ತುಹಾಕಿದ್ದು ಅದನ್ನೇ. ಹಾಗಾಗಿ ಒಂದೇ ತಾರೀಕಿನ ಎರಡು ಕಾಗದಗಳಲ್ಲಿ ಒಂದು ಹಕ್ಕಿನ ದಾರಿಯನ್ನು ಮುಚ್ಚಿದ ಹಾಗಾಯಿತು, ಇನ್ನೊಂದು ಕೃಪೆಯ ದಾರಿಯನ್ನು ಅಲುಗಾಡಿಸಿತು. ಹಕ್ಕಾಗಿ ಸಿಗದದ್ದನ್ನು ಹೋಪಿಗಳು ಸಹಿಯಾಗಿ ಪಡೆದರು, ಸಹಿಯ ಆಯುಷ್ಯವೋ ನಾಲ್ಕು ವರ್ಷಕ್ಕೊಮ್ಮೆ ಚುನಾವಣೆಗೆ ಬೀಳುತ್ತದೆ.

ಕಲ್ಲಿದ್ದಲಿನ ಕಹಿ

ಹೋಪಿಗಳನ್ನು ಗಣಿಯ ವಿರುದ್ಧ ಒಂದೇ ದನಿಯಲ್ಲಿ ನಿಂತವರೆಂದು ಚಿತ್ರಿಸುವುದು ತಪ್ಪು. ಅವರ ಭೂಮಿ ನಾವಹೊ ಭೂಮಿಯೊಡನೆ ಬೆಸೆದಿರುವ ಬ್ಲ್ಯಾಕ್ ಮೆಸಾದಲ್ಲಿ 1960ರ ದಶಕದಲ್ಲಿ ಪೀಬಾಡಿ ಕಂಪನಿಗೆ ಕಲ್ಲಿದ್ದಲು ಗುತ್ತಿಗೆ ಕೊಟ್ಟದ್ದು ಹೋಪಿಗಳದೇ ಬುಡಕಟ್ಟು ಮಂಡಳಿ. ಆ ಮಂಡಳಿ 1936ರ ಸಂವಿಧಾನದಿಂದ ಹುಟ್ಟಿದ್ದು, ಸಾಂಪ್ರದಾಯಿಕ ಊರುಗಳ ಹಿರಿಯರು ಅದನ್ನು ಒಪ್ಪಿರಲೇ ಇಲ್ಲ. ಗುತ್ತಿಗೆ ಮಾತಾಡಿಕೊಟ್ಟ ಮಂಡಳಿಯ ವಕೀಲ ಜಾನ್ ಬಾಯ್ಡನ್ ಅದೇ ಹೊತ್ತಿಗೆ ಪೀಬಾಡಿಗೂ ಕೆಲಸ ಮಾಡುತ್ತಿದ್ದರು ಎಂಬುದು ಅವರು ತೀರಿಕೊಂಡ ಮೇಲೆ ದಾಖಲೆಗಳಿಂದ ಬಯಲಾಯಿತು.

ಕಲ್ಲಿದ್ದಲನ್ನು ಪುಡಿ ಮಾಡಿ, ನೀರಲ್ಲಿ ಕಲಸಿ, 273 ಮೈಲಿ ಪೈಪಿನಲ್ಲಿ ನೆವಾಡದ ಮೊಹಾವಿ ವಿದ್ಯುತ್ ಸ್ಥಾವರಕ್ಕೆ ತಳ್ಳುತ್ತಿದ್ದರು. ಅದಕ್ಕಾಗಿ ವರ್ಷಕ್ಕೆ ನೂರು ಕೋಟಿ ಗ್ಯಾಲನ್‌ಗೂ ಹೆಚ್ಚು ಅಂತರ್ಜಲ. ಹೋಪಿ ಊರುಗಳು ಕುಡಿಯುವುದೂ ಅದೇ ಅಂತರ್ಜಲವನ್ನು, ಪ್ರಾರ್ಥನೆಯ ಗರಿ ಇಡುವ ಝರಿಗಳೂ ಅದರವೇ. ಝರಿಗಳು ಸೊರಗಿದ್ದು ಪಂಪಿನಿಂದಲ್ಲ, ಬರದಿಂದ ಎಂದು ಕಂಪನಿ ವಾದಿಸಿತು. ಮಂಡಳಿಯ ಮಾಜಿ ಅಧ್ಯಕ್ಷ ವೆರ್ನನ್ ಮಸಯೆಸ್ವಾ ಅವರೇ ನೀರಿನ ಚಳವಳಿಗೆ ಮುಂದಾಳಾದರು. 2005ರ ಕೊನೆಗೆ ಮೊಹಾವಿ ಸ್ಥಾವರ ನಿಂತು, ಪೈಪೂ ನಿಂತಿತು.

ಆದರೆ ಬುಡಕಟ್ಟಿನ ಸಾಮಾನ್ಯ ಆದಾಯದಲ್ಲಿ ಶೇ 80ಕ್ಕೂ ಹೆಚ್ಚು ಬರುತ್ತಿದ್ದದ್ದು ಕಲ್ಲಿದ್ದಲಿನಿಂದಲೇ. 2009ರಲ್ಲಿ ಹೋಪಿ ಮಂಡಳಿ, ಪರಿಸರ ಸಂಘಟನೆಗಳಿಗೆ ನಮ್ಮ ನೆಲದಲ್ಲಿ ಸ್ವಾಗತವಿಲ್ಲ ಎಂದು ನಿರ್ಣಯ ಮಾಡಿತು. ಹೊರಗಿನವರು ನಮ್ಮ ಪವಿತ್ರ ನೆಲದ ಹೆಸರು ಹೇಳಿ ನಮ್ಮ ಶಾಲೆ, ಆಸ್ಪತ್ರೆಗಳ ಹಣ ನಿಲ್ಲಿಸುತ್ತಿದ್ದಾರೆ ಎಂಬ ಸಿಟ್ಟು ಅದರಲ್ಲಿತ್ತು. 2019ರಲ್ಲಿ ಉಳಿದಿದ್ದ ನಾವಹೊ ವಿದ್ಯುತ್ ಸ್ಥಾವರವೂ ಮುಚ್ಚಿತು, ಅದಕ್ಕೆ ಕಲ್ಲಿದ್ದಲು ಕೊಡುತ್ತಿದ್ದ ಕಯೆಂಟಾ ಗಣಿಯೂ ಮುಚ್ಚಿತು. ಮುಚ್ಚಿಸಿದ್ದು ಹೋರಾಟಕ್ಕಿಂತ ಹೆಚ್ಚಾಗಿ ಅಗ್ಗದ ನೈಸರ್ಗಿಕ ಅನಿಲ. ಆ ಆದಾಯದ ಜಾಗ ತುಂಬುವಂಥದ್ದು ಇನ್ನೂ ಬಂದಿಲ್ಲ. ಸ್ಮಾರಕದ ಪರ ಮಾತಾಡುವ ಮಂಡಳಿಗೂ ಈ ಖಾಲಿ ಖಜಾನೆಯ ಒತ್ತಡ ಇದ್ದೇ ಇದೆ.

ಮುಂದೇನಾಗಬಹುದು

ಬಾಜ್ ನ್ವಾವ್ಯೊ ಸ್ಮಾರಕವೂ ಮರುಪರಿಶೀಲನೆಯ ಪಟ್ಟಿಯಲ್ಲಿದೆ ಎಂದು 2025ರ ಏಪ್ರಿಲ್‌ನಲ್ಲೇ ಪತ್ರಿಕೆಗಳು ವರದಿ ಮಾಡಿದ್ದವು. ಅಧ್ಯಕ್ಷರು ಅದನ್ನು ಕುಗ್ಗಿಸಿದರೂ ಅಳಿಸಿದರೂ ಬುಡಕಟ್ಟುಗಳು ಕೋರ್ಟಿಗೆ ಹೋಗುವುದು ಖಚಿತ. ಈ ಸಲ ಅವರ ವಾದದಲ್ಲಿ ಧರ್ಮ ಹಿಂದಿನ ಸಾಲಿನಲ್ಲಿರುತ್ತದೆ. ಭೂಮಿಯ ಮೇಲಿನ ಅಧಿಕಾರ ಕಾಂಗ್ರೆಸ್ಸಿನದೋ ಅಧ್ಯಕ್ಷರದೋ ಎಂಬ ಅಧಿಕಾರ ಹಂಚಿಕೆಯ ಪ್ರಶ್ನೆ ಮುಂದೆ ಬರುತ್ತದೆ. ಹೋಪಿಗಳಿಗೆ ಇದು ಹೆಚ್ಚು ಗಟ್ಟಿಯಾದ ನೆಲ, ಏಕೆಂದರೆ ಇಲ್ಲಿ ಲಿಂಗ್ ತೀರ್ಪು ಅಡ್ಡ ಬರುವುದಿಲ್ಲ. ಸೋತರೆ ಮಾತ್ರ ಪೆಟ್ಟು ದೊಡ್ಡದು: ದೇಶದ ಯಾವ ಸ್ಮಾರಕವೂ ಒಬ್ಬ ಅಧ್ಯಕ್ಷರ ಅವಧಿಗಿಂತ ಹೆಚ್ಚು ಬಾಳುವ ಖಾತರಿ ಇರುವುದಿಲ್ಲ.

ಶಾಶ್ವತ ಪರಿಹಾರ ಕಾಂಗ್ರೆಸ್ಸಿನಲ್ಲಿದೆ, ಲಿಂಗ್ ಪ್ರಕರಣದ ಕಾಡಿಗೆ 1990ರಲ್ಲಿ ಸಿಕ್ಕಂಥದ್ದು. ಗಣಿ ಬೆಂಬಲಿಗರೂ ಸಂರಕ್ಷಣಾವಾದಿಗಳೂ ಸರಿಸಮವಾಗಿ ಎಳೆದಾಡುವ ಈಗಿನ ಕಾಂಗ್ರೆಸ್ಸಿನಿಂದ ಅದು ಬರುವ ಸೂಚನೆ ಇಲ್ಲ. ಸ್ಮಾರಕ ಹೋದರೂ ಮರುದಿನವೇ ಹೊಸ ಗಣಿಗಳು ಏಳಲಾರವು. ಕ್ಯಾನಿಯನ್ನಿನ ಸುತ್ತಲಿನ ಸುಮಾರು ಹತ್ತು ಲಕ್ಷ ಎಕರೆಯಲ್ಲಿ ಹೊಸ ಗಣಿ ಹಕ್ಕುಗಳನ್ನು ಸರ್ಕಾರಿ ಭೂಮಿ ನೋಡಿಕೊಳ್ಳುವ ಒಳಾಡಳಿತ ಇಲಾಖೆ 2012ರ ಜನವರಿಯಲ್ಲೇ ಪ್ರತ್ಯೇಕವಾಗಿ ನಿಷೇಧಿಸಿದೆ. ಆ ನಿಷೇಧದ ಅವಧಿ ಇಪ್ಪತ್ತು ವರ್ಷ. ನಡುವೆ ಯಾರೂ ಹಿಂತೆಗೆದುಕೊಳ್ಳದಿದ್ದರೆ 2032ರ ಜನವರಿಗೆ ತಾನಾಗಿಯೇ ಮುಗಿಯುತ್ತದೆ.